ಉಕ್ಕಿನ ಹೊಳಪು, ಸಂಡೂರಿನ ಧೂಳು

ಹೊಳಪಿಗೂ ಒಂದು ಚರಿತ್ರೆಯುಂಟು. ಯಾವ ಕಾಲದ ಜನ ಯಾವ ವಸ್ತುವನ್ನು ಉಜ್ಜಿ ಬೆಳಗಿದರು, ಏತರಿಂದ ಬೆಳಗಿದರು ಎಂಬುದನ್ನು ವಿಚಾರಿಸಿದರೆ ಆ ಕಾಲದ ಬಾಳುವೆಯ ಹಲವು ಸಂಗತಿಗಳು ತಾವಾಗಿ ಹೊರಬರುತ್ತವೆ. ಹಂಪೆಯ ಹಜಾರರಾಮ ದೇವಾಲಯದ ಕರಿಯ ಕಲ್ಲಿನ ಕಂಬಗಳನ್ನು ಕಂಡವರಿಗೆ, ವಿಜಯನಗರದ ಶಿಲ್ಪಿಗಳು ಕಲ್ಲಿಗೂ ಲೋಹದ ನುಣುಪನ್ನು ತರಬಲ್ಲವರಾಗಿದ್ದರೆಂಬುದು ನೆನಪಿರುತ್ತದೆ. ಇಂದು ನಾನು ಹೇಳಹೊರಟಿರುವುದು ಅಷ್ಟು ಘನವಾದ ವಿಷಯವಲ್ಲ. ಹೊಸಪೇಟೆಯಿಂದ ಹಂಪೆಗೆ, ಸಂಡೂರಿಗೆ, ಕಂಪ್ಲಿಗೆ ಓಡಾಡುವ ಬಸ್ಸಿನ ಮೈಮೇಲಿನ ಸ್ಟೇನ್‌ಲೆಸ್ ಸ್ಟೀಲನ್ನು ಶುಚಿಯಾಗಿ ಇರಿಸಿಕೊಳ್ಳುವ ಬಗೆ ಇಂದಿನ ವಿಷಯ. ಅಲ್ಪವೆಂದು ತೋರಿದರೂ ಇದರೊಳಗೆ ಈ ನಾಡಿನ ಭೂಮಿಯ ಕಥೆಯೂ ದುಡಿಮೆಯ ಕಥೆಯೂ ಹುದುಗಿವೆ.

ನಮ್ಮ ಹಿರಿಯರಿಗೆ ಲೋಹವನ್ನು ಬೆಳಗುವುದೆಂದರೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ತಾಮ್ರ, ಹಿತ್ತಾಳೆಗಳ ಮೇಲೆ ಕಟ್ಟುವ ಕಿಲುಬನ್ನು ಹುಣಸೆಯ ಹುಳಿ ಕರಗಿಸುತ್ತದೆ. ಬೂದಿಯಲ್ಲಿರುವ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ನಾರು ಉಳಿದುದನ್ನು ಕೆರೆದು ತೆಗೆಯುತ್ತದೆ. ಉಜ್ಜಿದಷ್ಟೂ ಹೊಸ ಲೋಹ ಮೇಲೆ ಬರುತ್ತದೆ, ಪಾತ್ರೆ ಅಷ್ಟಷ್ಟೇ ಸವೆಯುತ್ತದೆ. ಹೊಳಪೆಂದರೆ ಸವೆತದ ಫಲವೆಂದೇ ಆ ಕಾಲದ ಅನುಭವ. ಹಿತ್ತಾಳೆಯ ಪಾತ್ರೆಯ ಒಳಮೈಗೆ ತವರದ ಲೇಪ ಕೊಡುತ್ತಿದ್ದ ಕಲಾಯಿಯವನು ಬೀದಿಬೀದಿಗೆ ಬರುತ್ತಿದ್ದುದೂ ಆ ಬಾಳುವೆಯ ಒಂದು ಅಂಗವೇ. ಸ್ಟೀಲು ಅಡುಗೆಮನೆಗೆ ಬಂದಮೇಲೆ ಅವನ ಕೂಗು ಕ್ರಮೇಣ ಅಡಗಿತು.

ಈ ಹೊಸ ಲೋಹದ ಸ್ವಭಾವವೇ ಬೇರೆ. ಫ್ರಾನ್ಸಿನ ವೊಕ್ಲಾಂ ಎಂಬ ರಸಾಯನಜ್ಞ 1797-98ರಲ್ಲಿ ಕ್ರೋಮಿಯಂ ಧಾತುವನ್ನು ಕಂಡುಹಿಡಿದ. ಅದನ್ನು ಕಬ್ಬಿಣಕ್ಕೆ ಬೆರೆಸಿದರೆ ಆಮ್ಲಗಳಿಗೆ ಸುಲಭವಾಗಿ ಸೋಲದೆಂಬುದನ್ನು 1821ರಲ್ಲಿ ಬೆರ್ತಿಯೆ ಗಮನಿಸಿದ. ಆದರೆ ತುಕ್ಕು ಹಿಡಿಯದ ಉಕ್ಕು ಬಳಕೆಯ ದಾರಿ ಹಿಡಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ಬಂದೂಕದ ನಳಿಗೆಗೆ ತಕ್ಕ ಉಕ್ಕನ್ನು ಅರಸುತ್ತಿದ್ದಾಗ ಅದನ್ನು ಸಿದ್ಧಪಡಿಸಿದ. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿಯೂ ಅದೇ ಕಾಲಕ್ಕೆ ಕ್ರೋಮಿಯಂ-ನಿಕಲ್ ಬೆರೆತ ಉಕ್ಕು ರೂಪುಗೊಂಡಿತು. ಕ್ರೋಮಿಯಂ ನೂರಕ್ಕೆ ಹತ್ತೂವರೆ ಪಾಲಿನಷ್ಟಾದರೂ ಇದ್ದರೆ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಲೋಹದ ಮೇಲೆ ಒಂದು ಪೊರೆಯಾಗುತ್ತದೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳುವಾದ ಪೊರೆ ಅದು. ಗೀರು ಬಿದ್ದರೆ ಗಾಳಿ ತಗುಲಿದೊಡನೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಹಿತ್ತಾಳೆಯನ್ನು ಬೆಳಗುವುದೆಂದರೆ ಮೇಲಿನ ಪದರವನ್ನು ತೆಗೆದುಹಾಕುವುದು; ಈ ಉಕ್ಕನ್ನು ಬೆಳಗುವುದೆಂದರೆ ಮೇಲಿನ ಪದರವನ್ನು ಉಳಿಸಿಕೊಳ್ಳುವುದು. ಅಜ್ಜಿಯ ಹುಣಸೆ-ಬೂದಿಯ ಪಾಠ ಇಲ್ಲಿ ತಲೆಕೆಳಗಾಗುತ್ತದೆ.

ವಾಹನದ ಹೊರಮೈಗೆ ಈ ಉಕ್ಕನ್ನು ಹೊದಿಸುವ ಪರಿಪಾಟಿಗೆ ಅಮೆರಿಕದ ಬಡ್ ಕಂಪನಿ 1934ರಲ್ಲಿ ಕಟ್ಟಿದ ಜೆಫಿರ್ ರೈಲು ಹೆಸರುವಾಸಿಯಾದ ನಿದರ್ಶನ. ತಗಡಿನ ಮೇಲೆ ಸಾಲುಸಾಲಾಗಿ ಏಣುಗಳನ್ನು ಮೂಡಿಸಿದರೆ ತೆಳು ತಗಡೂ ಬಿಗಿಯಾಗುತ್ತದೆ, ಸಣ್ಣಪುಟ್ಟ ತಗ್ಗುಗಳೂ ಮರೆಯಾಗುತ್ತವೆ. ಮುಂದೆ ಆ ಖಂಡದ ದೂರಪ್ರಯಾಣದ ಬಸ್ಸುಗಳೂ ಇದೇ ವೇಷವನ್ನು ತೊಟ್ಟವು. ನಮ್ಮಲ್ಲಿ ಸರಕಾರಿ ಬಸ್ಸುಗಳು ಬಹುಮಟ್ಟಿಗೆ ಬಣ್ಣದವು. ಸ್ಟೀಲನ್ನು ಹೆಚ್ಚಾಗಿ ಕಾಣುವುದು ಖಾಸಗಿ ಬಸ್ಸುಗಳ ಪಟ್ಟಿಗಳಲ್ಲಿ, ಹಿಂದಿನ ಏಣಿಯಲ್ಲಿ, ಚಕ್ರದ ಮುಚ್ಚಳದಲ್ಲಿ.

ಇನ್ನು ನಮ್ಮ ಸೀಮೆಗೆ ಬರೋಣ. ಸಂಡೂರಿನ ಬೆಟ್ಟಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಬ್ಬಿಣದ ಕಲ್ಲಿನವು. ರಾಬರ್ಟ್ ಬ್ರೂಸ್ ಫುಟ್ ಬಳ್ಳಾರಿ ಜಿಲ್ಲೆಯ ಭೂವಿವರವನ್ನು ಕುರಿತು ಬರೆದ ಗ್ರಂಥ 1895ರಲ್ಲಿ ಪ್ರಕಟವಾಯಿತು. ಘೋರ್ಪಡೆ ಮನೆತನ ಆಳುತ್ತಿದ್ದ ಸಂಡೂರು ಸಂಸ್ಥಾನ 1949ರಲ್ಲಿ ಮದ್ರಾಸು ಪ್ರಾಂತಕ್ಕೆ ಸೇರಿ, 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ಮರುವರ್ಷ, 1954ರಲ್ಲಿ, ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರನ್ನು ತೆಗೆಯುವ ಕಂಪನಿ ಅಲ್ಲಿ ಹುಟ್ಟಿತು. ಸ್ಟೀಲಿನ ಚರಿತ್ರೆಗೂ ಈ ನೆಲಕ್ಕೂ ಹೀಗೆ ನೆಂಟಸ್ತಿಕೆಯಿದೆ. ನಿಕಲ್ ದುಬಾರಿಯಾದ್ದರಿಂದ ಅದರ ಬಹುಪಾಲಿನ ಬದಲಿಗೆ ಮ್ಯಾಂಗನೀಸನ್ನು ಬೆರೆಸಿದ ಅಗ್ಗದ ಸ್ಟೀಲು ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿದೆ. ಕಣ್ಣಿಗೆ ಎರಡೂ ಒಂದೇ; ಆದರೆ ಅಗ್ಗದ್ದರಲ್ಲಿ ತುಕ್ಕಿನ ಚುಕ್ಕೆ ಬೇಗ ಕಾಣಿಸಿಕೊಳ್ಳುತ್ತದೆ.

ಈ ನಾಲ್ಕು ಊರುಗಳನ್ನು ಸುತ್ತಿ ಬಂದ ಬಸ್ಸಿನ ಪಕ್ಕೆಯಲ್ಲಿ ನಾಡಿನ ಮಣ್ಣಿನ ಪಟವೇ ಬರೆದಿರುತ್ತದೆ. ಸಂಡೂರಿನ ಕಡೆಯಿಂದ ಬರುವುದು ಕೆಂಪು ಅದಿರಿನ ಪುಡಿ. ಅದು ಕಬ್ಬಿಣದ ಆಕ್ಸೈಡು, ನಯವಾಗಿ ಅಂಟಿಕೊಂಡು ಕಲೆ ಬಿಡುತ್ತದೆ. ಹಂಪೆಯ ದಾರಿಯದು ಬಂಡೆ ಸವೆದ ಮರಳು. ಅದರೊಳಗಿನ ಬೆಣಚುಕಲ್ಲಿನ ಕಣ ಸ್ಟೀಲಿಗಿಂತ ಗಟ್ಟಿ. ತುಂಗಭದ್ರೆಯ ದಡದ ಕಂಪ್ಲಿಯಿಂದ ಬರುವುದು ಗದ್ದೆ, ಕಾಲುವೆಗಳ ಕೆಸರು; ಒಣಗಿದರೆ ಸಿಪ್ಪೆ ಕಟ್ಟುತ್ತದೆ.

ಆದ್ದರಿಂದ ಮೊದಲನೆಯ ನಿಯಮ, ಒಣ ಬಟ್ಟೆಯಿಂದ ಒರಸಬಾರದು. ಹಾಗೆ ಮಾಡಿದರೆ ಹಂಪೆಯ ಮರಳು ಉಪ್ಪುಕಾಗದವಾಗಿ ಹೊಳಪನ್ನೇ ಕೆರೆಯುತ್ತದೆ. ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ನೀರು ಹರಿಸಿ ಕಣಗಳನ್ನು ಇಳಿಸಬೇಕು. ಆಮೇಲೆ ಸೌಮ್ಯವಾದ ಸೋಪಿನ ನೀರು, ಮೆತ್ತನೆಯ ಬಟ್ಟೆ. ಲೋಹದ ಮೇಲಿನ ಗೆರೆ ಹೋದ ದಿಕ್ಕಿನಲ್ಲೇ ಕೈಯಾಡಿಸಬೇಕು, ಸುತ್ತುಸುತ್ತಾಗಿ ಅಲ್ಲ. ಮತ್ತೆ ತೊಳೆದು ನೀರು ಆರುವ ಮುನ್ನವೇ ಒರಸಬೇಕು; ಇಲ್ಲವಾದರೆ ಗಡಸು ನೀರಿನ ಸುಣ್ಣ ಬಿಳಿಯ ಚುಕ್ಕೆಯಾಗಿ ನಿಲ್ಲುತ್ತದೆ. ಹಾಗೆ ನಿಂತ ಚುಕ್ಕೆಗೆ ನೀರು ಬೆರೆಸಿದ ವಿನೆಗರೋ ನಿಂಬೆರಸವೋ ಸಾಕು. ಹುಳಿಗೆ ಕೆಲಸ ಸಿಗುವುದು ಇಲ್ಲಿ ಮಾತ್ರ, ಅದೂ ತೊಳೆದುಬಿಡುವ ಕರಾರಿನ ಮೇಲೆ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಹತ್ತಿರ ಸುಳಿಸಬಾರದು. ಅದರ ಚೂರು ಮೇಲ್ಮೈಯಲ್ಲಿ ನಾಟಿಕೊಂಡು ತಾನೇ ತುಕ್ಕು ಹಿಡಿಯುತ್ತದೆ, ಅಪವಾದ ಮಾತ್ರ ಸ್ಟೀಲಿಗೆ. ಬ್ಲೀಚಿಂಗ್ ಪೌಡರನ್ನೂ ಕಕ್ಕಸು ತೊಳೆಯುವ ಆಮ್ಲವನ್ನೂ ದೂರವಿಡಬೇಕು. ಅವುಗಳಲ್ಲಿನ ಕ್ಲೋರಿನ್ನಿನ ಅಂಶ ಆ ತೆಳುಪೊರೆಯನ್ನು ತೂತು ಮಾಡುತ್ತದೆ.

ಇಷ್ಟೆಲ್ಲ ಮಾಡುವವರು ಯಾರು? ಬಸ್ಸಿನ ಹೊಳಪನ್ನು ಪ್ರಯಾಣಿಕರು ನೋಡುತ್ತಾರೆ. ತೊಳೆದವನ ಕೈಯನ್ನು ನೋಡುವವರು ಕಡಮೆ. ಮೊಣಕಾಲಿನವರೆಗೆ ನೆನೆದು, ಕೆಂಪು ನೀರು ಚರಂಡಿಗೆ ಹರಿಯುವುದನ್ನು ಅವನು ದಿನವೂ ಕಾಣುತ್ತಾನೆ. 2000ದ ನಂತರದ ವರ್ಷಗಳಲ್ಲಿ ಹೊರದೇಶದ ಬೇಡಿಕೆ ಏರಿ, ಅದಿರು ಹೇರಿದ ಲಾರಿಗಳ ಸಾಲು ಹಗಲಿರುಳೆನ್ನದೆ ಈ ರಸ್ತೆಗಳನ್ನು ತುಂಬಿದಾಗ, ಸಂಡೂರು-ಹೊಸಪೇಟೆ ದಾರಿಯ ಮರದೆಲೆಗಳೂ ಮನೆಯ ಮಾಡುಗಳೂ ಕೆಂಪಾದವು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ ಬಂದ 2011ರ ಜುಲೈ ತಿಂಗಳಲ್ಲಿಯೇ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ಕಟ್ಟುಪಾಡುಗಳೊಡನೆ ಅದು ಮತ್ತೆ ಮೊದಲಾಯಿತು. ಈ ನಡುವೆ ಲಾರಿ ನಿಂತು ಧೂಳು ಅಡಗಿದ್ದೂ ನಿಜ, ಅದನ್ನೇ ನಂಬಿದ್ದ ಕೂಲಿಕಾರರ, ಚಾಲಕರ ಒಲೆ ಆರಿದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಚರಿತ್ರೆಗೆ ಅಪಚಾರವಾದೀತು.

ಬಸ್ಸಿನ ಮೈಗೆ ಬಿದ್ದ ಧೂಳನ್ನು ಒಂದು ಬಕೆಟ್ಟು ನೀರು ತೊಳೆದೀತು. ಅದೇ ಧೂಳು ದಾರಿಬದಿಯ ಜೋಳದ ತೆನೆಗೂ ಶಾಲೆಗೆ ನಡೆದುಹೋಗುವ ಮಗುವಿನ ಉಸಿರಿಗೂ ಬಿದ್ದಾಗ ತೊಳೆಯುವ ಉಪಾಯವಿಲ್ಲ. ಅದಿರಿನ ಲಾರಿಗೆ ಬಿಗಿಯಾದ ತಾಡಪಾಲು, ರಸ್ತೆಗೆ ಕಾಲಕಾಲಕ್ಕೆ ನೀರು, ಆದಮಟ್ಟಿಗೂ ಮುಚ್ಚಿದ ಕನ್ವೇಯರಿನಲ್ಲೋ ರೈಲಿನಲ್ಲೋ ಸಾಗಣೆ, ಇವು ಸಾಧ್ಯವಾದ ಕೆಲಸಗಳು; ಕೆಲವು ಕಡೆ ನಡೆದೂ ಇವೆ. 2021ರಲ್ಲಿ ಹೊಸಪೇಟೆ, ಹಂಪೆಗಳು ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಧೂಳಿಗೆ ಜಿಲ್ಲೆಯ ಗಡಿ ತಿಳಿಯದು. ಎರಡು ಕಡೆಯ ಅಧಿಕಾರಿಗಳೂ ಗಣಿಯ ಒಡೆಯರೂ ಸಾಗಣೆದಾರರೂ ಕಲೆತು ಕುಳಿತು ಈ ಕೆಲಸವನ್ನು ಪೂರೈಸಿದರೆ, ಬಸ್ಸು ತೊಳೆಯುವವನ ದುಡಿಮೆಯೂ ಹಗುರಾದೀತು, ದಾರಿಬದಿಯ ಊರಿನವರೂ ಬಾಗಿಲು ತೆರೆದು ಕೂತಾರು.