ಅತ್ತೆಯವರ ಗಿಳಿ ಮತ್ತು ಪಂಜರದ ಚರಿತ್ರೆ

ನಮ್ಮ ಅತ್ತೆಯವರ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮಾರನೆಯ ದಿನ. ಬೆಳಗ್ಗೆ ಆರು ಗಂಟೆಗೆ ಬಾಲ್ಕನಿಯಿಂದ ಅತ್ತೆಯವರ ದನಿ ಕೇಳಿಸಿತು: "ಏಳೇ, ಹಾಲು ಬಂತು." ಗಾಬರಿಯಿಂದ ಎದ್ದು ಕೂತೆ. ಪಕ್ಕದಲ್ಲಿ ಯಜಮಾನರೂ ಎದ್ದು ಕೂತಿದ್ದರು. ಇಬ್ಬರೂ ಮಾತಾಡಲಿಲ್ಲ. ಅದು ಪಂಜರದ ರಾಮ.

ರಾಮ ನಮ್ಮ ಡೊಂಬಿವಲಿಯ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಮಾವನವರು ಸೈಕಲ್ಲಿನ ಮೇಲೆ ಬುಟ್ಟಿ ಇಟ್ಟುಕೊಂಡು ಬಂದವನೊಬ್ಬನಿಂದ ಕೊಂಡು ತಂದಾಗ ಅದಕ್ಕೆ ಸರಿಯಾಗಿ ಪುಕ್ಕವೂ ಬಂದಿರಲಿಲ್ಲ. ಮಾವನವರು ಹೋದ ಮೇಲೆ ಅತ್ತೆಯವರಿಗೆ ಅದೇ ಜೊತೆ. ನಮ್ಮ ಮನೆಯಲ್ಲಿ ಮಕ್ಕಳು ಮರಾಠಿ, ಹಿಂದಿ ಬೆರೆಸಿ ಮಾತಾಡಿದರೂ ರಾಮ ಮಾತ್ರ ಅಪ್ಪಟ ಕನ್ನಡಿಗ. ಅತ್ತೆಯವರು ಕಲಿಸಿದ್ದು ಅದೊಂದೇ ಭಾಷೆ.

ಈಗ ಅದನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ನಾನು, ಯಜಮಾನರು ಇಬ್ಬರೂ ದಿನವಿಡೀ ಹೊರಗೆ. ಎದುರು ಮನೆಯವರು "ನಮಗೆ ಕೊಡಿ" ಎಂದರು. ಮಗಳು "ಬಿಟ್ಟುಬಿಡೋಣಮ್ಮಾ, ಹಾರಿ ಹೋಗಲಿ" ಎಂದಳು. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದ ನನಗೆ ಒಂದು ಕೆಟ್ಟ ಅಭ್ಯಾಸವಿದೆ. ಯಾವ ಪ್ರಶ್ನೆ ಬಂದರೂ ಮೊದಲು ಹಿಂದಕ್ಕೆ ಹೋಗಿ ನೋಡುತ್ತೇನೆ. ಈ ಗಿಳಿ ನಮ್ಮ ಬಾಲ್ಕನಿಗೆ ಬಂದದ್ದು ಹೇಗೆ? ಹನ್ನೊಂದು ವರ್ಷದ ಹಿಂದಿನ ಮಾತಲ್ಲ, ಎರಡು ಸಾವಿರ ವರ್ಷದ ಹಿಂದಿನ ಮಾತು.

ಪುಸ್ತಕಗಳಲ್ಲಿ ಗಿಳಿ

ಭಾರತದ ಗಿಳಿಯ ಬಗ್ಗೆ ಬರೆದ ಹಳೆಯ ವಿದೇಶಿಯರಲ್ಲಿ ಕ್ಟೇಸಿಯಸ್ ಒಬ್ಬ. ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಗ್ರೀಕನೀತ. ಭಾರತದಲ್ಲಿ ಮನುಷ್ಯರಂತೆ ಮಾತಾಡುವ ಹಕ್ಕಿಯೊಂದಿದೆ, ಅದು ಅಲ್ಲಿಯ ಭಾಷೆಯನ್ನು ಆಡುತ್ತದೆ, ಕಲಿಸಿದರೆ ಗ್ರೀಕ್ ಭಾಷೆಯನ್ನೂ ಆಡುತ್ತದೆ ಎಂದು ಕ್ರಿ.ಪೂ. 5ನೇ ಶತಮಾನದ ಕೊನೆಯ ಹೊತ್ತಿಗೆ ಬರೆದ. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ನಮ್ಮ ಗಿಳಿಗಳು ಪಶ್ಚಿಮಕ್ಕೆ ಹೋದವು. ಭುಜದ ಮೇಲೆ ಕೆಂಪು ಮಚ್ಚೆಯಿರುವ ದೊಡ್ಡ ಗಿಳಿಗೆ ಇಂಗ್ಲಿಷಿನಲ್ಲಿ ಇಂದಿಗೂ ಅವನ ಹೆಸರೇ ಇದೆ. ಕ್ರಿ.ಶ. ಮೊದಲನೇ ಶತಮಾನದ ರೋಮನ್ ಲೇಖಕ ಪ್ಲಿನಿ ಭಾರತದ ಹಸಿರು ಗಿಳಿಯನ್ನೂ ಅದರ ಕೊರಳಿನ ಕೆಂಪು ಪಟ್ಟಿಯನ್ನೂ ವರ್ಣಿಸಿ, ಅದು ಚಕ್ರವರ್ತಿಗಳಿಗೆ ವಂದನೆ ಹೇಳುತ್ತದೆ ಎನ್ನುತ್ತಾನೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಮಾತು ಕಲಿಸುವಾಗ ಅದರ ತಲೆಗೆ ಕಬ್ಬಿಣದ ಸಲಾಕೆಯಿಂದ ಹೊಡೆಯಬೇಕು, ಇಲ್ಲದಿದ್ದರೆ ಅದಕ್ಕೆ ಪೆಟ್ಟು ತಾಗುವುದೇ ಇಲ್ಲ ಎಂದು! ಗಿಳಿಪಾಠ ಎಂದು ನಾವು ತಮಾಷೆ ಮಾಡುತ್ತೇವೆ. ಆ ಪಾಠದ ಬೆಲೆಯನ್ನು ಕೊಟ್ಟದ್ದು ಗಿಳಿ.

ನಮ್ಮಲ್ಲಿ ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗಿಳಿ, ಮೈನಾಗಳಿಗೆ ಮಾತು ಕಲಿಸುವುದೂ ಒಂದು. ಪಟ್ಟಣದ ರಸಿಕನ ದಿನಚರಿಯಲ್ಲಿ ಊಟದ ನಂತರದ ಹೊತ್ತು ಅದಕ್ಕೇ ಮೀಸಲು. ಆದರೆ ಆ ಗಿಳಿ ಎಲ್ಲಿಂದ ಬಂತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕೇಳಿದವನು ಬಾಣಭಟ್ಟ. 7ನೇ ಶತಮಾನದ ಅವನ ಕಾದಂಬರಿಯನ್ನು ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಕನ್ನಡಕ್ಕೆ ತಂದ. ಕರ್ಣಾಟಕ ಕಾದಂಬರಿ ಎಂದರೆ ನಮಗೆಲ್ಲ ಕಾದಂಬರಿ, ಚಂದ್ರಾಪೀಡರ ಪ್ರೇಮಕಥೆ ನೆನಪಾಗುತ್ತದೆ. ಕಥೆ ಹೇಳುವುದು ಮಾತ್ರ ಒಂದು ಗಿಳಿ. ಪಂಜರದಲ್ಲಿ ಶೂದ್ರಕ ರಾಜನ ಆಸ್ಥಾನಕ್ಕೆ ಬಂದ ವೈಶಂಪಾಯನ. ರಾಜ ಅದರ ಪೂರ್ವಕಥೆ ಕೇಳುತ್ತಾನೆ. ಗಿಳಿ ಹೇಳುತ್ತದೆ: ಪಂಪಾ ಸರೋವರದ ಬಳಿ ಹಳೆಯದೊಂದು ಬೂರುಗದ ಮರ, ಅದರ ಪೊಟರೆಯಲ್ಲಿ ನಮ್ಮ ಗೂಡು. ತಾಯಿ ನನ್ನನ್ನು ಹೆತ್ತಾಗಲೇ ಸತ್ತಳು. ಮುದಿ ತಂದೆ ಸಾಕುತ್ತಿದ್ದ. ಒಂದು ದಿನ ಬೇಟೆಗಾರರ ಗುಂಪು ಬಂತು. ಒಬ್ಬ ಮುದಿ ಬೇಡ ಮರ ಹತ್ತಿ, ಪೊಟರೆಗಳಿಗೆ ಕೈಹಾಕಿ, ಹಣ್ಣು ಕಿತ್ತಂತೆ ಮರಿಗಳನ್ನು ಕಿತ್ತು, ಕೊರಳು ಮುರಿದು ಕೆಳಕ್ಕೆ ಎಸೆದ. ತಂದೆ ರೆಕ್ಕೆಯಡಿ ನನ್ನನ್ನು ಮುಚ್ಚಿಟ್ಟುಕೊಂಡೇ ಪ್ರಾಣಬಿಟ್ಟ. ತರಗೆಲೆಯ ರಾಶಿಯ ಮೇಲೆ ಬಿದ್ದ ನಾನು ಹೇಗೋ ಉಳಿದೆ. ಬಾಯಾರಿ ಸಾಯುವುದರಲ್ಲಿದ್ದ ನನ್ನನ್ನು ಹಾರೀತನೆಂಬ ಮುನಿಕುಮಾರ ಎತ್ತಿ, ಕೊಕ್ಕಿಗೆ ನೀರು ಬಿಟ್ಟು, ಆಶ್ರಮಕ್ಕೆ ಒಯ್ದ.

ಶಾಲೆಗೆ ಹೋಗುವ ಕಾಲದಿಂದ ಈ ಕಥೆ ನನಗೆ ಗೊತ್ತು. ಆದರೆ ರಾಮನ ಪಂಜರದ ಮುಂದೆ ಕೂತು ಮತ್ತೆ ಓದಿದ ದಿನ ಕೈ ನಡುಗಿತು. ಗಿಳಿಗಳು ಗೂಡು ಕಟ್ಟುವುದಿಲ್ಲ, ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತವೆ. ಮಾರುವವರು ಇಂದಿಗೂ ಹೀಗೆಯೇ ಪೊಟರೆಗೆ ಕೈಹಾಕಿ ಕಣ್ಣು ಬಿಡದ ಮರಿಗಳನ್ನು ತೆಗೆಯುತ್ತಾರೆ. ಬುಟ್ಟಿಯಲ್ಲಿ ಒತ್ತೊತ್ತಾಗಿ ತುಂಬಿದ ಮರಿಗಳಲ್ಲಿ ದಾರಿಯಲ್ಲೇ ಸಾಯುವವು ಎಷ್ಟೋ. ಬದುಕಿದ ಒಂದು ನಮ್ಮ ಮನೆಗೆ ಬಂದಿತ್ತು. ನಾವು ಅದಕ್ಕೆ ರಾಮ ಎಂದು ಹೆಸರಿಟ್ಟು ಪುಣ್ಯ ಕಟ್ಟಿಕೊಂಡೆವು ಎಂದುಕೊಂಡಿದ್ದೆವು.

ಶುಕಸಪ್ತತಿಯ ಗಿಳಿ ಎಪ್ಪತ್ತು ರಾತ್ರಿ ಕಥೆ ಹೇಳಿ ಮನೆಯೊಡತಿಯನ್ನು ಹೊರಗೆ ಹೋಗದಂತೆ ತಡೆಯುತ್ತದೆ. ಆ ಕಥೆಗಳೇ 14ನೇ ಶತಮಾನದಲ್ಲಿ ನಖ್ಶಬಿಯ ಕೈಯಲ್ಲಿ ಪಾರಸಿಯ ತೂತಿನಾಮಾ ಆದವು. ಅಕ್ಬರ್ ಅದಕ್ಕೆ ಚಿತ್ರ ಬರೆಸಿದ. ಆ ಪ್ರತಿಯ ಬಹುಭಾಗ ಇಂದು ಅಮೆರಿಕದ ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದೆ. ಪಂಜರದಲ್ಲಿರುವ ಹಕ್ಕಿ ಮನೆಯೊಳಗಿನ ಹೆಂಗಸಿಗೆ ಹೊರಗೆ ಹೋಗಬೇಡ ಎನ್ನುವುದು! ಆ ಕಥೆ ಹೆಣೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲವೇನೋ.

ದೇವರ ಕೈಯಲ್ಲೂ ಗಿಳಿಯಿದೆ. ಮಧುರೆಯ ಮೀನಾಕ್ಷಿಯ ಕೈಯಲ್ಲಿದೆ. ಆ ದೇವಾಲಯದ ಒಂದು ಮಂಟಪಕ್ಕೆ ಗಿಳಿಗೂಡಿನ ಮಂಟಪವೆಂದೇ ಹೆಸರು. ಹಿಂದೆ ಅಲ್ಲಿ ಪಂಜರಗಳಲ್ಲಿ ಗಿಳಿ ಸಾಕಿ ದೇವಿಯ ಹೆಸರು ಕಲಿಸುತ್ತಿದ್ದರು. ಶ್ರೀವಿಲ್ಲಿಪುತ್ತೂರಿನ ಆಂಡಾಳ್ ಕೈಯ ಗಿಳಿಯನ್ನು ಮಾತ್ರ ದಿನವೂ ಹಸಿರು ಎಲೆಗಳಿಂದ ಹೊಸದಾಗಿ ಮಾಡುತ್ತಾರೆ. ನನಗೆ ಈ ಪದ್ಧತಿ ಬಹಳ ಇಷ್ಟ. ದೇವಿಗೆ ಗಿಳಿಯೂ ಸಿಕ್ಕಿತು, ಯಾವ ಪೊಟರೆಯೂ ಬರಿದಾಗಲಿಲ್ಲ.

ನಮ್ಮ ಮುಂಬಯಿಯ ಪಾಂಜರಾಪೋಳ

ಹಾಗಾದರೆ ಪಂಜರದ ಪ್ರಾಣಿಯ ಪರವಾಗಿ ಯೋಚಿಸಿದವರು ಯಾರೂ ಇರಲಿಲ್ಲವೇ? ಇದ್ದರು, ನಮ್ಮ ಊರಿನಲ್ಲೇ. 1832ರಲ್ಲಿ ಬೊಂಬಾಯಿಯ ಬ್ರಿಟಿಷ್ ಅಧಿಕಾರಿಗಳು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಗಲಭೆಯೆದ್ದರು. ಜೈನರು, ಹಿಂದೂ ವರ್ತಕರು ಜೊತೆಗೂಡಿ ಅಂಗಡಿ ಮುಚ್ಚಿದರು. ಅದಾದ ಎರಡು ವರ್ಷಕ್ಕೆ, 1834ರಲ್ಲಿ, ಜಮ್ಶೆಟ್‌ಜಿ ಜೀಜೀಭಾಯ್ ಮತ್ತು ಇತರ ವರ್ತಕರು ಭುಲೇಶ್ವರದ ಬಳಿ ಪಾಂಜರಾಪೋಳ ಕಟ್ಟಿಸಿದರು. ಹೆಸರಿನಲ್ಲೇ ಪಂಜರವಿದೆ, ಆದರೆ ಇದು ಕೊಂಡು ತಂದು ಕೂಡಿಹಾಕುವ ಪಂಜರವಲ್ಲ. ಯಾರಿಗೂ ಬೇಡವಾದ ಪ್ರಾಣಿ, ಪಕ್ಷಿಗಳಿಗೆ ಕೊನೆಯವರೆಗೆ ಆಸರೆ. ನಂತರ 1874ರಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು. ದಿನ್ಶಾ ಮಾಣಿಕ್‌ಜಿ ಪೇಟಿಟ್ ಅವರ ದಾನದಿಂದ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆಯಾಯಿತು. ಅದಕ್ಕೆ ಅವರ ಪತ್ನಿ ಬಾಯಿ ಸಕರ್‌ಬಾಯಿ ಅವರ ಹೆಸರಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇವೆ, ಆ ಹೆಸರು ಓದಿದವರೆಷ್ಟು ಮಂದಿ?

ನಮ್ಮ ಮಹಿಳಾ ವೇದಿಕೆಯವರು ನೆನೆಯಬೇಕಾದ ಇನ್ನೊಂದು ಹೆಸರು ರುಕ್ಮಿಣಿದೇವಿ ಅರುಂಡೇಲ್. ಭರತನಾಟ್ಯಕ್ಕೆ ಮಾನ ತಂದವರು, ಚೆನ್ನೈನ ಕಲಾಕ್ಷೇತ್ರದ ಸ್ಥಾಪಕಿ. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಮರುವರ್ಷವೇ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆ ತಂದರು. ಅದರ ಫಲವೇ 1960ರ ಕಾಯ್ದೆ. ಪ್ರಾಣಿಗೆ ಮೈಯಾಡಿಸಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಕೂಡಿಹಾಕುವುದು ಅಪರಾಧ ಎಂದು ಆ ಕಾಯ್ದೆ ಹೇಳುತ್ತದೆ. 1962ರಲ್ಲಿ ಆರಂಭವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

ನಾನು ಅಪರಾಧಿ ಎಂದು ತಿಳಿದ ದಿನ

ಮುಂದಿನದು ನನಗೆ ಮುಜುಗರದ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ದೇಶದ ಗಿಳಿಗಳಿಗೂ ಅನ್ವಯಿಸುತ್ತದೆ. 1990-91ರಿಂದ ಭಾರತದ ಕಾಡುಹಕ್ಕಿಗಳ ವ್ಯಾಪಾರಕ್ಕೆ ನಿಷೇಧವಿದೆ. 2022ರ ತಿದ್ದುಪಡಿ ಮುಂದಿನ ವರ್ಷದ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಕೊರಳಪಟ್ಟಿಯ ಸಾಮಾನ್ಯ ಹಸಿರು ಗಿಳಿ ಎರಡನೇ ಅನುಸೂಚಿಯಲ್ಲಿದೆ. ತಪ್ಪಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ ಎಂದು 2011ರಲ್ಲಿ ಗುಜರಾತ್ ಹೈಕೋರ್ಟ್, 2015ರಲ್ಲಿ ದೆಹಲಿ ಹೈಕೋರ್ಟ್ ಹೇಳಿವೆ. ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡಿದ ನಾನು ಹನ್ನೊಂದು ವರ್ಷ ಬಾಲ್ಕನಿಯಲ್ಲಿ ಕಾಯ್ದೆ ಮುರಿದು ಕೂತಿದ್ದೆ.

ಅಷ್ಟರಲ್ಲಿ ಮಗಳು ತಡೆಯಲಾರದೆ ಒಂದು ಭಾನುವಾರ ಪಂಜರದ ಬಾಗಿಲು ತೆರೆದಳು. ರಾಮ ಬಹಳ ಹೊತ್ತು ಬಾಗಿಲಲ್ಲೇ ಕೂತ. ಆಮೇಲೆ ಹಾರಿದ, ಹಾರಿದ ಎನ್ನುವುದಕ್ಕಿಂತ ಬಿದ್ದ ಎನ್ನಬೇಕು. ಕೆಳಗೆ ಕಾಂಪೌಂಡಿನಲ್ಲಿ ಕಾಗೆಗಳು ಸುತ್ತುವರಿದವು. ವಾಚ್‌ಮನ್ ಓಡಿಬಂದು ಟವೆಲ್ ಹಾಕಿ ಎತ್ತದಿದ್ದರೆ ಅವತ್ತೇ ಕಥೆ ಮುಗಿಯುತ್ತಿತ್ತು. ಮಗಳು ಇಡೀ ದಿನ ಊಟ ಮಾಡಲಿಲ್ಲ. ತಪ್ಪು ಅವಳದಲ್ಲ. ಬಾಗಿಲು ತೆರೆದರೆ ಬಿಡುಗಡೆ ಎಂದು ನಮಗೆ ಕಲಿಸಿದ್ದು ಕಥೆ, ಸಿನಿಮಾಗಳು.

ಹಕ್ಕಿಗಳ ವೈದ್ಯರು ನೋಡಿ ವಿವರಿಸಿದರು. ಕತ್ತರಿಸಿದ ರೆಕ್ಕೆಯ ಗರಿ ಮುಂದಿನ ಸಲ ಗರಿ ಉದುರಿಸಿದಾಗ ಹೊಸದಾಗಿ ಬರುತ್ತದೆ. ಆದರೆ ವರ್ಷಗಟ್ಟಲೆ ಹಾರದ ಎದೆಯ ಸ್ನಾಯುಗಳಿಗೆ ಕಸುವಿರುವುದಿಲ್ಲ. ಮರಿಯಾಗಿದ್ದಾಗಲೇ ಮನುಷ್ಯರ ಕೈಗೆ ಬಂದ ಗಿಳಿಗೆ ಆಹಾರ ಹುಡುಕಲು ಗೊತ್ತಿಲ್ಲ, ಗಿಡುಗ, ಬೆಕ್ಕುಗಳ ಭಯವೂ ಗೊತ್ತಿಲ್ಲ. ನಾವು ಪ್ರೀತಿಯಿಂದ ಕೊಟ್ಟ ಚಕ್ಕುಲಿ, ಬಿಸ್ಕತ್ತು, ರಾಶಿ ಸೂರ್ಯಕಾಂತಿ ಬೀಜದಿಂದ ಅದರ ಮೈಯಲ್ಲಿ ಕೊಬ್ಬು ಸೇರಿತ್ತು. ಹಸಿಮೆಣಸಿನಕಾಯಿ ಮಾತ್ರ ತೊಂದರೆ ಮಾಡಿರಲಿಲ್ಲ, ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲವಂತೆ!

ಎದುರು ಮನೆಗೂ ಕೊಡಲಿಲ್ಲ. ಕೊಟ್ಟರೆ ತಪ್ಪು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ, ಅಷ್ಟೆ. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗೆ ಎಂದು ಅತ್ತೆಯವರು ಹೆಣ್ಣು ಕೊಟ್ಟ ಮನೆ ಸರಿಯಿಲ್ಲದಾಗ ಹೇಳುತ್ತಿದ್ದ ಮಾತು ದಿನವೂ ಕಿವಿಯಲ್ಲಿತ್ತು. ಕೊನೆಗೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿದೆ. ಬೈಗುಳ ಕಾದಿತ್ತು ಎಂದುಕೊಂಡಿದ್ದೆ. ಬಂದ ಅಧಿಕಾರಿ ಗದರಿಸಲಿಲ್ಲ, ಹೇಳಿಕೆ ಬರೆಸಿಕೊಂಡರು. "ತಾವಾಗಿ ಕೊಡುವವರು ಕಡಿಮೆ, ತಾಯಿ" ಎಂದು ಮರಾಠಿಯಲ್ಲಿ ಹೇಳಿ ರಾಮನನ್ನು ಆರೈಕೆ ಕೇಂದ್ರಕ್ಕೆ ಒಯ್ದರು.

ಗೆಳತಿಯರಿಗೆ ನಾಲ್ಕು ಮಾತು

ನಿಮ್ಮ ಮನೆಯಲ್ಲೂ ನಾಡಗಿಳಿ ಇದ್ದರೆ ಗಾಬರಿಯಾಗಬೇಡಿ, ಬಾಗಿಲನ್ನೂ ತೆರೆಯಬೇಡಿ. ನಿಮ್ಮ ರಾಜ್ಯದ ಅರಣ್ಯ ಇಲಾಖೆಗೆ ತಿಳಿಸಿ. ಗಾಯಗೊಂಡ ಗಿಳಿ ಸಿಕ್ಕಿದರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಬೆಚ್ಚಗೆ ಇಟ್ಟು ಬೇಗ ವೈದ್ಯರಿಗೆ ತಲುಪಿಸಿ. ಬಾಯಿಗೆ ನೀರು ಹುಯ್ಯಬೇಡಿ, ಹಾರೀತನ ಕಾಲ ಬೇರೆ. ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಲವ್ ಬರ್ಡ್ಸ್, ಕಾಕಟೀಲ್, ಆಫ್ರಿಕನ್ ಗ್ರೇ, ಮಕಾವ್ ಮೊದಲಾದ ವಿದೇಶಿ ಹಕ್ಕಿಗಳ ವಿಷಯ ಬೇರೆ. ಅವನ್ನು ಇಲ್ಲಿ ಬಿಟ್ಟರೆ ಬದುಕುವುದು ಕಷ್ಟ, ಆದ್ದರಿಂದ ಹೊಸ ಮನೆಯನ್ನೇ ಹುಡುಕಬೇಕು. ಆಫ್ರಿಕನ್ ಗ್ರೇಯಂಥ ಜಾತಿಗಳಿಗೆ 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಬೇಕು. ಮನೆ ಬದಲಾದಾಗ ಅದನ್ನೂ ತಿಳಿಸಬೇಕು. ಕೊಡುವ ಮುನ್ನ ಹೆಣ್ಣು ಕೊಡುವಷ್ಟೇ ವಿಚಾರಿಸಿ: ಮನೆಯಲ್ಲಿ ಬೆಕ್ಕಿದೆಯೇ, ಹಗಲು ಯಾರಿರುತ್ತಾರೆ, ಹಕ್ಕಿ ರೆಕ್ಕೆ ಬಿಚ್ಚುವಷ್ಟು ಜಾಗವಿದೆಯೇ? ಸೀದುಹೋದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು, ಅದನ್ನೂ ಹೇಳಿ. ದೊಡ್ಡ ಗಿಳಿಗಳು ನಾಲ್ವತ್ತು, ಐವತ್ತು ವರ್ಷ ಬದುಕುತ್ತವೆ. ನಮ್ಮ ನಂತರ ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿ. ಬುಟ್ಟಿಯಲ್ಲಿರುವ ಮರಿಯನ್ನು ಕನಿಕರದಿಂದಲೂ ಕೊಳ್ಳಬೇಡಿ. ಒಂದನ್ನು ಕೊಂಡರೆ ಅವನು ಮತ್ತೊಂದು ಪೊಟರೆಗೆ ಕೈಹಾಕುತ್ತಾನೆ.

ಏಳು ತಿಂಗಳ ನಂತರ ಕೇಂದ್ರಕ್ಕೆ ಫೋನ್ ಮಾಡಿದೆ. ರಾಮ ಈಗ ದೊಡ್ಡ ಜಾಲರಿ ಮನೆಯಲ್ಲಿ ಬೇರೆ ಗಿಳಿಗಳ ಜೊತೆಗಿದ್ದಾನಂತೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುತ್ತಾನಂತೆ. ಹೊರಗೆ ಬಿಡಬಹುದೋ ಇಲ್ಲವೋ ಇನ್ನೂ ನೋಡಬೇಕು ಎಂದರು. "ಮಾತಾಡುತ್ತಾನಾ?" ಎಂದು ಕೇಳಿದೆ. "ಮೊದಲು ಏನೋ ನಿಮ್ಮ ಭಾಷೆಯಲ್ಲಿ ಕೂಗುತ್ತಿದ್ದ. ಈಗ ಕಡಿಮೆಯಾಗಿದೆ. ಗಿಳಿಗಳ ಹಾಗೆಯೇ ಕೂಗುತ್ತಾನೆ" ಎಂದರು.

ಫೋನ್ ಇಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ಕೂತೆ. ಅತ್ತೆಯವರ ದನಿ ಈ ಲೋಕದಲ್ಲಿ ಉಳಿದದ್ದು ಅವನ ಗಂಟಲಲ್ಲಿ ಮಾತ್ರ. ಅದನ್ನು ಅವನು ಮರೆಯುತ್ತಿದ್ದಾನೆ. ಅಳು ಬಂತು, ನಿಜ. ಆದರೆ ಅವನು ಮರೆತರೇ ಒಳ್ಳೆಯದು. ನೆನಪಿಟ್ಟುಕೊಳ್ಳುವ ಕೆಲಸ ನನ್ನದು. ಮಗಳಿಗೆ ಈಗ ಬೆಳಗ್ಗೆ ನಾನೇ ಕೂಗಿ ಹೇಳುತ್ತೇನೆ, ಕನ್ನಡದಲ್ಲೇ: "ಏಳೇ, ಹಾಲು ಬಂತು."