ಅಭ್ಯರ್ಥಿಪರೀಕ್ಷೆಯಲ್ಲಿ ದೇಶಭಕ್ತಿಯ ಚಿಹ್ನೆಗಳು

ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ದಾನಕ್ಕೆ ಅಪಾತ್ರರಾದವರನ್ನು ಎಣಿಸುವ ಪ್ರಕರಣದೊಳಗೆ 'ಧರ್ಮಧ್ವಜಿ' ಎಂಬ ಶಬ್ದವೊಂದು ಬಂದಿದೆ. ಧರ್ಮವನ್ನೇ ಧ್ವಜವಾಗಿ ಎತ್ತಿ ಹಿಡಿದವನೆಂಬುದು ಅದರ ಅವಯವಾರ್ಥವು. ಆದರೆ ಸ್ಮೃತಿಕಾರನು ಆ ಹೆಸರನ್ನು ಲೋಭಿಯೂ ಕಪಟಿಯೂ ಲೋಕವಂಚಕನೂ ಆದವನಿಗೆ ಕೊಟ್ಟು, ಅವನನ್ನು ಬೆಕ್ಕಿನ ವ್ರತದವನೆಂದು ಕರೆದು, ಅಂಥವನಿಗೆ ನೀರನ್ನು ಸಹ ಕೊಡಬಾರದೆಂದು ವಿಧಿಸಿರುವನು. ಧ್ವಜದ ಮೇಲೆ ಶಾಸ್ತ್ರಕಾರನಿಗೆ ದ್ವೇಷವಿದ್ದಿತೆಂದು ಇದರಿಂದ ತಿಳಿಯತಕ್ಕುದಲ್ಲ. ಧ್ವಜವು ದೂರಕ್ಕೆ ಕಾಣುವ ವಸ್ತುವಾದುದರಿಂದ ಅದನ್ನು ಹಿಡಿದವನ ಮುಖವು ಅದರ ಮರೆಯಲ್ಲಿ ಅಡಗಬಹುದೆಂಬುದೇ ಅಲ್ಲಿಯ ಅಭಿಪ್ರಾಯವು.

ಅಧಿಕಾರವನ್ನು ಬಯಸಿ ಜನರೆದುರಿಗೆ ನಿಲ್ಲುವವನು ದೇಶದ ಧ್ವಜಕ್ಕೆ ವಂದಿಸಿದನೆ, ರಾಷ್ಟ್ರಗೀತಕ್ಕೆ ಎದೆಯ ಮೇಲೆ ಕೈಯಿಟ್ಟನೆ, ಅಂಗಿಯ ಮೇಲೆ ಲಾಂಛನವನ್ನು ಧರಿಸಿದನೆ ಎಂಬ ವಿಚಾರಣೆಯು ಈಚಿನ ಕಾಲದಲ್ಲಿ ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ ಬಹಳ ಪ್ರಬಲವಾಗಿ ನಡೆದಿದೆ. 1988ರ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿಯಾಗಿದ್ದ ಡುಕಾಕಿಸ್ ಎಂಬವರು, ಮ್ಯಾಸಚೂಸೆಟ್ಸ್ ಸಂಸ್ಥಾನದ ಗವರ್ನರ್ ಆಗಿದ್ದಾಗ, ಪಾಠಶಾಲೆಯ ಉಪಾಧ್ಯಾಯರು ಧ್ವಜನಿಷ್ಠೆಯ ಪ್ರತಿಜ್ಞೆಯನ್ನು ಹೇಳಿಸಲೇಬೇಕೆಂಬ ಮಸೂದೆಯನ್ನು 1977ರಲ್ಲಿ ತಡೆದಿದ್ದರು. ಅದು ರಾಜ್ಯಾಂಗಕ್ಕೆ ವಿರುದ್ಧವೆಂದು ಆ ಸಂಸ್ಥಾನದ ಉಚ್ಚ ನ್ಯಾಯಾಧೀಶರು ಅಭಿಪ್ರಾಯಪಟ್ಟಿದ್ದರೂ, ಹನ್ನೊಂದು ವರ್ಷಗಳ ಮೇಲೆ ಪ್ರತಿಪಕ್ಷದ ಬುಷ್ ಅವರು ಅದನ್ನೇ ದೇಶಭಕ್ತಿಯ ಕೊರತೆಯೆಂದು ಸಭೆಸಭೆಗಳಲ್ಲಿ ಎತ್ತಿ ಆಡಿದರು. 2007ರಲ್ಲಿ ಬರಾಕ್ ಒಬಾಮ ಅವರನ್ನು ಧ್ವಜಲಾಂಛನವನ್ನು ಏಕೆ ಧರಿಸಿಲ್ಲವೆಂದು ಕೇಳಿದಾಗ, ಅದು ನಿಜವಾದ ದೇಶಭಕ್ತಿಗೆ ಬದಲಿಯಾಗಿಬಿಟ್ಟಿದೆಯೆಂದು ಅವರು ಉತ್ತರ ಕೊಟ್ಟರು. ಮರು ವರ್ಷದ ಚುನಾವಣೆಯ ಭರದಲ್ಲಿ ತಾವೇ ಅದನ್ನು ಧರಿಸತೊಡಗಿದರು. ಒಂದೇ ಬಗೆಯ ಆಕ್ಷೇಪಕ್ಕೆ ಗುರಿಯಾದ ಇಬ್ಬರಲ್ಲಿ ಮೊದಲನೆಯವರು ಸೋತರು, ಎರಡನೆಯವರು ಗೆದ್ದರು. ಇದರಿಂದ ಚಿಹ್ನೆಯ ಬಲಾಬಲವು ನಿರ್ಣಯವಾಗುವುದಿಲ್ಲ.

ತರ್ಕಶಾಸ್ತ್ರದ ರೀತಿಯಲ್ಲಿ ವಿಚಾರಿಸಿದರೆ ಇಲ್ಲಿ ದೇಶಭಕ್ತಿಯು ಸಾಧ್ಯವು, ವಂದನಾದಿ ಚೇಷ್ಟೆಯು ಹೇತುವು. ಹೊಗೆಯಿಂದ ಬೆಂಕಿಯನ್ನು ಊಹಿಸಬೇಕಾದರೆ ಬೆಂಕಿಯಿಲ್ಲದ ಕಡೆ ಹೊಗೆಯು ಎಲ್ಲಿಯೂ ಇರಕೂಡದು. ಭಕ್ತಿಯಿಲ್ಲದವನೂ ವಂದಿಸಬಲ್ಲನಾದುದರಿಂದ ಈ ಹೇತುವು ಅನೈಕಾಂತಿಕವು. ಇನ್ನು ಚಿಹ್ನೆ ಇಲ್ಲದವನಲ್ಲಿ ಭಕ್ತಿಯೂ ಇಲ್ಲವೆಂದು ಹೇಳುವವರಿಗೆ, ನೈಯಾಯಿಕರು ಪದೇ ಪದೇ ತೋರಿಸುವ ಕಾದ ಕಬ್ಬಿಣದ ಗುಂಡೇ ಉತ್ತರವು. ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇಷ್ಟರಿಂದಲೇ ಚಿಹ್ನೆಯು ಸರ್ವಥಾ ನಿರರ್ಥಕವೆಂದು ಹೇಳಿ ಮುಗಿಸಬಹುದಾಗಿದ್ದಿತು. ಆದರೆ ಸ್ವತಂತ್ರರಾದ ಜನರು ಇಂಥ ಚಿಹ್ನೆಗಳನ್ನು ಕಣ್ಣೆದುರಿಗಿಟ್ಟುಕೊಂಡು ಅಭ್ಯರ್ಥಿಗಳನ್ನು ಹೇಗೆ ತೂಗಿದರೆಂಬುದನ್ನು ಚರಿತ್ರೆಯಲ್ಲಿಯೇ ನೋಡಬೇಕು. ಅದಕ್ಕೆ ಅಥೆನ್ಸ್ ನಗರಕ್ಕಿಂತ ಹೆಚ್ಚು ಸಾಮಗ್ರಿಯುಳ್ಳ ಸ್ಥಳವು ಪ್ರಾಚೀನ ಪ್ರಪಂಚದಲ್ಲಿ ವಿರಳವು.

ಅಥೆನ್ಸಿನ ರಾಜ್ಯಪದ್ಧತಿಯನ್ನು ವರ್ಣಿಸುವ, ಅರಿಸ್ಟಾಟಲನ ಹೆಸರಿನಲ್ಲಿರುವ ಗ್ರಂಥವು ಬಹುಕಾಲ ಲುಪ್ತವಾಗಿದ್ದು, ಈಜಿಪ್ತಿನಲ್ಲಿ ದೊರೆತ ಪಪೈರಸ್ ಸುರುಳಿಗಳಿಂದ 1891ರಲ್ಲಿ ಪ್ರಕಟವಾಯಿತು. ಆರ್ಕನ್ ಎಂಬ ಅಧಿಕಾರಿಗಳು ಪದವಿಯನ್ನು ವಹಿಸುವುದಕ್ಕೆ ಮುಂಚೆ ಒಳಗಾಗಬೇಕಾಗಿದ್ದ 'ದೊಕಿಮಾಸಿಯ' ಎಂಬ ಪರೀಕ್ಷೆಯು ಅದರಲ್ಲಿ ವಿಸ್ತಾರವಾಗಿ ಹೇಳಲ್ಪಟ್ಟಿದೆ. ನಿನ್ನ ತಂದೆ ಯಾರು, ತಾಯಿ ಯಾರು, ಅವರ ತಂದೆಗಳು ಯಾರು? ಕುಲದ ಅಪೋಲೋ ದೇವರ ಮತ್ತು ಅಂಗಳದ ಜ್ಯೂಸ್ ದೇವರ ಗುಡಿಗಳು ನಿನಗೆ ಉಂಟೆ, ಎಲ್ಲಿವೆ? ಪಿತೃಗಳ ಸಮಾಧಿಗಳು ಎಲ್ಲಿವೆ? ತಂದೆತಾಯಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿರುವೆಯಾ? ತೆರಿಗೆಯನ್ನು ಸಲ್ಲಿಸುತ್ತಿರುವೆಯಾ? ದಂಡಯಾತ್ರೆಗಳಿಗೆ ಹೋಗಿರುವೆಯಾ? ಇಷ್ಟನ್ನು ಕೇಳಿದ ಮೇಲೆ ಸಾಕ್ಷಿಗಳನ್ನು ಕರೆಯೆಂದು ಹೇಳುವರು. ಬಳಿಕ ಇವನ ಮೇಲೆ ದೂರು ಹೇಳುವವರು ಯಾರಾದರೂ ಇರುವರೆ ಎಂದು ಕೂಗುವರು. ಪ್ರಶ್ನೆಗಳಲ್ಲಿ ದೇವತಾಭಕ್ತಿಯೂ ಪಿತೃಭಕ್ತಿಯೂ ಸೇರಿವೆ, ನಿಜ. ಆದರೆ ಭಕ್ತಿಯಿದೆಯೇ ಎಂದು ಕೇಳಿಲ್ಲ. ಗುಡಿಯು ಎಲ್ಲಿದೆಯೆಂದು ಕೇಳಿದೆ. ಸಾಕ್ಷಿಯು ಹೋಗಿ ನೋಡಬಹುದಾದ ಸಂಗತಿಗಳು ಮಾತ್ರವೇ ಆ ಪರೀಕ್ಷೆಯಲ್ಲಿ ಸ್ಥಾನವನ್ನು ಪಡೆದಿರುವುವು.

ನಮ್ಮ ದೇಶದ ಶಾಸನವೊಂದರಲ್ಲಿಯೂ ಇದೇ ಬುದ್ಧಿಯು ಕಾಣುವುದು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ, ಕ್ರಿ. ಶ. 921ರ ಸುಮಾರಿನ ಶಾಸನವು ಗ್ರಾಮಸಭೆಯ ವಾರಿಯಗಳಿಗೆ, ಎಂದರೆ ಸಮಿತಿಗಳಿಗೆ, ಯಾರ ಹೆಸರಿನ ಓಲೆಯನ್ನು ಕುಡಿಕೆಯಲ್ಲಿ ಹಾಕಬಹುದೆಂದು ವಿಧಿಸುವುದು. ಕಾಲು ವೇಲಿಗಿಂತ ಹೆಚ್ಚಾಗಿ ತೆರಿಗೆಯ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, 35ಕ್ಕೆ ಮೇಲೆ 70ಕ್ಕೆ ಒಳಗೆ ವಯಸ್ಸು, ವೇದಭಾಗದ ಅಧ್ಯಯನ, ಅರ್ಥಶೌಚ, ಆತ್ಮಶೌಚ ಇವು ಬೇಕು. ಮುಂಚೆ ಸಮಿತಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದವನಿಗೆ ಅರ್ಹತೆಯಿಲ್ಲ. ಅವನ ಬಂಧುಗಳಿಗೂ ಇಲ್ಲ. ಆತ್ಮಶೌಚವನ್ನು ಅಳೆಯುವ ಕೋಲು ಯಾರಲ್ಲಿಯೂ ಇರಲಾರದು. ಅದಕ್ಕಾಗಿಯೇ ಲೆಕ್ಕದ ವಿಧಿಯು ಅಷ್ಟು ಕಠಿನವಾಯಿತೆಂದು ಊಹಿಸಬಹುದು. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯದಲ್ಲಿ ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಶೋಧಿಸುವ ಪ್ರಕರಣವಿದೆ. ಅದು ಚುನಾವಣೆಯ ಮಾತಲ್ಲ, ಗೂಢಚಾರರ ಮಾತು. ಆದರೂ ರಾಜನಿಷ್ಠೆಯನ್ನು ರಾಜನ ಮುಂದೆ ಮಾಡುವ ನಮಸ್ಕಾರದಿಂದ ತಿಳಿಯದೆ, ರಾಜನು ಕಾಣದ ಸ್ಥಳದಲ್ಲಿ ಲೋಭವನ್ನು ಒಡ್ಡಿ ತಿಳಿಯಬೇಕೆಂಬ ತತ್ತ್ವವು ಅಲ್ಲಿ ಸ್ಪಷ್ಟವಾಗಿದೆ.

ಅಥೆನ್ಸಿನಲ್ಲಿ ವಿಧಿಯು ಹೀಗಿದ್ದರೂ ವಾಗ್ಮಿಗಳು ಚಿಹ್ನೆಯನ್ನು ಹಿಂಬಾಗಿಲಿನಿಂದ ತಂದರು. ಡೆಮಾಸ್ಥನೀಸ್ ಮತ್ತು ಈಸ್ಕಿನೀಸ್ ಎಂಬ ಇಬ್ಬರ ವೈರವು ಇದಕ್ಕೆ ಉತ್ತಮವಾದ ಉದಾಹರಣೆಯು. ಕ್ರಿ. ಪೂ. 338ರಲ್ಲಿ ಕೈರೋನಿಯದ ಯುದ್ಧಭೂಮಿಯಲ್ಲಿ ಮ್ಯಾಸಿಡೋನಿಯದ ಫಿಲಿಪ್ಪನು ಅಥೆನ್ಸನ್ನೂ ಥೀಬ್ಸನ್ನೂ ಸೋಲಿಸಿದನು. ಸಾವಿರ ಮಂದಿ ಅಥೀನಿಯರು ಮಡಿದರು, ಎರಡು ಸಾವಿರ ಮಂದಿ ಸೆರೆಯಾದರು. ಫಿಲಿಪ್ಪನನ್ನು ಎದುರಿಸಬೇಕೆಂದು ವರ್ಷಗಟ್ಟಲೆ ಬೋಧಿಸಿದ್ದ ಡೆಮಾಸ್ಥನೀಸನು ಅಂದು ಸಾಮಾನ್ಯ ಪದಾತಿಯಾಗಿ ನಿಂತಿದ್ದನು. ಅವನ ಗುರಾಣಿಯ ಮೇಲೆ ಶುಭದೈವವನ್ನು ಹಾರೈಸುವ ಬರಹವು ಚಿನ್ನದ ಅಕ್ಷರಗಳಲ್ಲಿದ್ದಿತೆಂದೂ, ಆ ಬರಹಕ್ಕೂ ನಾಚದೆ ಅವನು ಆಯುಧಗಳನ್ನು ಎಸೆದು ಓಡಿದನೆಂದೂ ಪ್ಲೂಟಾರ್ಕನು ಬರೆದಿರುವನು. ಸೈನ್ಯವೆಲ್ಲವೂ ಮುರಿದು ಓಡಿದ ದಿನದಲ್ಲಿ ಒಬ್ಬನ ಓಟವನ್ನು ಮಾತ್ರ ಎತ್ತಿ ಹೇಳುವುದು ನ್ಯಾಯವಲ್ಲವೆಂಬುದು ಬೇರೆ ಮಾತು. ಎದುರಾಳಿಯಾದ ಈಸ್ಕಿನೀಸನೋ, ಮ್ಯಾಂಟಿನಿಯದಲ್ಲಿಯೂ ಕ್ರಿ. ಪೂ. 348ರಲ್ಲಿ ಟಾಮಿನೆಯಲ್ಲಿಯೂ ಕಾದಿ, ಶೌರ್ಯಕ್ಕಾಗಿ ಕಿರೀಟವನ್ನು ಪಡೆದವನು. ಮೊದಲು ನಟನಾಗಿದ್ದವನಾದುದರಿಂದ ಕಂಠವೂ ಸುಶ್ರಾವ್ಯವಾಗಿದ್ದಿತು.

ಮಡಿದವರಿಗೆ ಚರಮಶ್ಲಾಘನೆಯನ್ನು ಯಾರು ಮಾಡಬೇಕೆಂದು ಆರಿಸುವುದಕ್ಕಾಗಿ ಜನರು ಸೇರಿದರು. ಡೆಮಾಸ್ಥನೀಸನೇ ಮುಂದೆ ನ್ಯಾಯಸ್ಥಾನದಲ್ಲಿ ಹೇಳಿದಂತೆ, ಈಸ್ಕಿನೀಸನ ಹೆಸರೂ ಸಂಧಿಯನ್ನು ಮಾಡಿಸಿದ್ದ ಡೆಮಾಡೀಸನ ಹೆಸರೂ ಸೂಚಿತವಾಗಿದ್ದರೂ ಜನರು ಕೈಯೆತ್ತಿ ಡೆಮಾಸ್ಥನೀಸನನ್ನೇ ಆರಿಸಿದರು. ಗುರಾಣಿಯನ್ನು ಎಸೆದವನೆಂಬ ಅಪವಾದಕ್ಕೆ ಗುರಿಯಾದವನನ್ನು, ಯಾವ ಯುದ್ಧದಲ್ಲಿ ಅದನ್ನು ಎಸೆದನೆಂದು ಹೇಳುವರೋ ಆ ಯುದ್ಧದ ಮೃತರನ್ನು ಹೊಗಳುವುದಕ್ಕೆ ಜನರು ನಿಲ್ಲಿಸಿದರು. ಅವನು ಇದಕ್ಕೆ ಕೊಡುವ ಕಾರಣವು ಮನನೀಯವಾಗಿದೆ: ಮೃತರಿಗಾಗಿ ಕಂಠದಿಂದ ಅಳುವ ನಟನು ತಮಗೆ ಬೇಡ, ಮನಸ್ಸಿನಿಂದ ಸಂಕಟಪಡುವವನು ಬೇಕೆಂದು ಜನರು ಬಗೆದರಂತೆ. ಸ್ವಪಕ್ಷದ ಮಾತೆಂದು ಇದನ್ನು ಸ್ವಲ್ಪ ಕಡಿಮೆ ಮಾಡಿಕೊಂಡರೂ ಆಯ್ಕೆಯು ನಡೆದುದು ಸತ್ಯವೇ. ಕೇಳುತ್ತಿದ್ದ ನ್ಯಾಯದರ್ಶಿಗಳಲ್ಲಿ ಹಲವರು ಅಂದು ಕೈಯೆತ್ತಿದವರೇ ಆಗಿದ್ದಿರಬೇಕು. ಜನರ ಕಣ್ಣಮುಂದೆ ಇದ್ದುದು ಒಂದು ದಿನದ ಓಟವಲ್ಲ. ಹಡಗುಗಳ ಖರ್ಚನ್ನು ಬಡವರ ಮೇಲೆ ಜಾರಿಸುತ್ತಿದ್ದ ಧನಿಕರು ತಮ್ಮ ಆಸ್ತಿಗೆ ತಕ್ಕಂತೆ ಅದನ್ನು ಹೊರಬೇಕೆಂದು ಅವನು ಮಾಡಿಸಿದ ಕಾನೂನು, ಉತ್ಸವದ ನಿಧಿಯನ್ನು ಯುದ್ಧಕ್ಕೆ ತಿರುಗಿಸಿದುದು, ವೈರಿಗಳಾಗಿದ್ದ ಥೀಬ್ಸಿನವರನ್ನು ಮಿತ್ರರನ್ನಾಗಿ ಮಾಡಿದುದು, ಇವೆಲ್ಲವೂ ಪ್ರತ್ಯಕ್ಷವಾಗಿದ್ದುವು.

ಎರಡು ವರ್ಷಗಳ ಮೇಲೆ ಫಿಲಿಪ್ಪನ ಕೊಲೆಯಾಯಿತು. ಡೆಮಾಸ್ಥನೀಸನ ಒಬ್ಬಳೇ ಮಗಳು ತೀರಿಕೊಂಡು ಏಳು ದಿನಗಳೂ ತುಂಬಿರಲಿಲ್ಲ. ಅವನು ಸೂತಕವನ್ನು ಬಿಟ್ಟು, ಬಿಳಿಯ ಬಟ್ಟೆಯುಟ್ಟು, ತಲೆಗೆ ಹೂಮಾಲೆಯನ್ನು ಧರಿಸಿ ದೇವರಿಗೆ ಬಲಿಯನ್ನು ಅರ್ಪಿಸಿದನು. ದೇಶಭಕ್ತಿಯ ಚೇಷ್ಟೆಗಳಲ್ಲಿ ಇದಕ್ಕಿಂತ ಎದ್ದು ಕಾಣುವುದನ್ನು ಪ್ರಾಚೀನ ಚರಿತ್ರೆಯಲ್ಲಿ ಹುಡುಕುವುದು ಕಷ್ಟ. ಅದೇ ವರ್ಷ ಕ್ಟೆಸಿಫಾನ್ ಎಂಬವನು ಡೆಮಾಸ್ಥನೀಸನಿಗೆ ಚಿನ್ನದ ಕಿರೀಟವನ್ನು ಕೊಡಬೇಕೆಂದು ಸೂಚಿಸಿದಾಗ ಈಸ್ಕಿನೀಸನು ಅದರ ಮೇಲೆ ದಾವೆಯನ್ನು ಹೂಡಿದನು, ವಿಚಾರಣೆಯು ಕ್ರಿ. ಪೂ. 330ರಲ್ಲಿ ನಡೆಯಿತು. ಅಲ್ಲಿ ಈಸ್ಕಿನೀಸನು ಈ ಬಿಳಿಯ ಬಟ್ಟೆಯನ್ನೇ ಹಿಡಿದು, ಮಗುವನ್ನು ಪ್ರೀತಿಸದವನು ಜನರನ್ನು ಪ್ರೀತಿಸನೆಂದು ವಾದಿಸಿದನು. ಒಂದೇ ಚೇಷ್ಟೆಯು ಮಿತ್ರರಿಗೆ ಭಕ್ತಿಯಾಗಿಯೂ ವೈರಿಗಳಿಗೆ ಹೃದಯಹೀನತೆಯಾಗಿಯೂ ಕಂಡಿತು. ಪ್ಲೂಟಾರ್ಕನು ಕೂಡ ಎರಡು ಮನಸ್ಸಿನವನಾಗಿ, ತಮ್ಮನ್ನು ದಯೆಯಿಂದ ಕಂಡ ಅರಸನ ಸಾವಿಗೆ ನಗರವು ಹಿಗ್ಗಿದುದನ್ನು ನಿಂದಿಸಿ, ಮನೆಯ ದುಃಖವನ್ನು ಅದುಮಿಕೊಂಡು ನಗರದ ಕಾರ್ಯದಲ್ಲಿ ನಿಂತುದನ್ನು ಹೊಗಳಿರುವನು. ಚಿಹ್ನೆಗೆ ಬೆಲೆ ತೆರಬೇಕಾಗಿ ಬಂದರೆ ಮಾತ್ರ ಅದು ಏನನ್ನಾದರೂ ಹೇಳೀತು ಎಂಬ ವಾದವೂ ಇಲ್ಲಿ ಪೂರ್ಣವಾಗಿ ನಿಲ್ಲದು. ಡೆಮಾಸ್ಥನೀಸನು ತೆತ್ತ ಬೆಲೆಯು ಬಹಳವೇ, ಆದರೂ ಅರ್ಥವು ಸಂದಿಗ್ಧವಾಗಿಯೇ ಉಳಿಯಿತು.

ವಿಚಿತ್ರವೇನೆಂದರೆ, ಅದೇ ಭಾಷಣದಲ್ಲಿ ಈಸ್ಕಿನೀಸನು ಜನಪಕ್ಷಪಾತಿಯನ್ನು ಗುರುತಿಸುವ ಲಕ್ಷಣಗಳೆಂದು ಐದನ್ನು ಹೇಳಿರುವನು: ತಂದೆತಾಯಿಗಳ ಕಡೆಯಿಂದ ಸ್ವತಂತ್ರ ಜನ್ಮ, ಪೂರ್ವಿಕರ ಜನಸೇವೆ, ಲಂಚಕ್ಕೆ ಕೈಚಾಚಿಸದ ಮಿತವಾದ ಜೀವನ, ವಿವೇಕದೊಡನೆ ವಾಕ್ಶಕ್ತಿ, ಆಪತ್ತಿನಲ್ಲಿ ಜನರನ್ನು ಕೈಬಿಡದ ಧೈರ್ಯ. ಇವುಗಳಲ್ಲಿ ಒಂದಾದರೂ ಬಟ್ಟೆಯನ್ನಾಗಲಿ ಮಾಲೆಯನ್ನಾಗಲಿ ಕುರಿತುದಲ್ಲ. ಲಕ್ಷಣವನ್ನು ಸರಿಯಾಗಿ ಹೇಳಿ ಉದಾಹರಣೆಯಲ್ಲಿ ಎಡವಿದ ಪಂಡಿತನಂತೆ ಅವನು ತೋರುವನು. ಅವನಿಗೆ ಐದರಲ್ಲೊಂದು ಪಾಲು ಮತವೂ ದೊರೆಯದೆ, ದಂಡಕ್ಕೆ ಗುರಿಯಾಗಿ, ನಗರವನ್ನು ಬಿಟ್ಟು ಹೋದನು.

ಇಲ್ಲಿಗೆ ನಿಲ್ಲಿಸಿದರೆ ಜನರ ತೂಕವು ನಿರ್ದುಷ್ಟವಾಗಿದ್ದಿತೆಂದು ತೋರುವುದು. ಆದರೆ ಈಸ್ಕಿನೀಸನು ಎತ್ತಿದ್ದ ಆಕ್ಷೇಪಗಳಲ್ಲಿ ಇನ್ನೊಂದಿದ್ದಿತು: ಅಧಿಕಾರಿಯು ಲೆಕ್ಕವನ್ನು ಒಪ್ಪಿಸುವುದಕ್ಕೆ ಮುಂಚೆ ಅವನಿಗೆ ಕಿರೀಟವನ್ನು ಕೊಡಕೂಡದೆಂಬ ಕಾನೂನು. ಕೋಟೆಯ ಗೋಡೆಗಳ ದುರಸ್ತಿಗೆ ಅಧಿಕಾರಿಯಾಗಿದ್ದ ಡೆಮಾಸ್ಥನೀಸನು ಸ್ವಂತ ಹಣವನ್ನು ಅದಕ್ಕೆ ಕೊಟ್ಟಿದ್ದೇನೆಂಬ ಮಾತಿನಿಂದ ಆ ಆಕ್ಷೇಪವನ್ನು ದಾಟಿದನು. ಆರು ವರ್ಷಗಳ ಮೇಲೆ, ಅಲೆಕ್ಸಾಂಡರನ ಕೋಶಾಧಿಕಾರಿಯಾದ ಹಾರ್ಪಲಸ್ ಹಣದೊಡನೆ ಅಥೆನ್ಸಿಗೆ ಓಡಿ ಬಂದಾಗ ಆ ಹಣದಲ್ಲಿ ಬಹುಭಾಗವು ಕಾಣೆಯಾಯಿತು. 20 ಟ್ಯಾಲೆಂಟುಗಳನ್ನು ಡೆಮಾಸ್ಥನೀಸನು ತೆಗೆದುಕೊಂಡನೆಂದು ಆರಿಯೋಪಾಗಸ್ ಸಭೆಯು ವರದಿ ಮಾಡಿತು. ನ್ಯಾಯಸ್ಥಾನವು ಅವನಿಗೆ 50 ಟ್ಯಾಲೆಂಟುಗಳ ದಂಡವನ್ನು ವಿಧಿಸಿತು. ತೀರ್ಪು ಸರಿಯೆ ತಪ್ಪೆ ಎಂದು ವಿದ್ವಾಂಸರು ಈಗಲೂ ವಾದಿಸುತ್ತಿರುವರು. ಅವನು ಸೆರೆಯಿಂದ ತಪ್ಪಿಸಿಕೊಂಡು ಪರದೇಶವನ್ನು ಸೇರಿದನು.

ಕ್ರಿ. ಪೂ. 323ರಲ್ಲಿ ಅಲೆಕ್ಸಾಂಡರನು ಸತ್ತ ಮೇಲೆ ಅಥೀನಿಯರು ಹಡಗನ್ನು ಕಳುಹಿಸಿ ಅವನನ್ನು ಮರಳಿ ಕರೆತಂದರು. ಹಣದ ದಂಡವನ್ನು ಮನ್ನಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಜ್ಯೂಸ್ ದೇವರ ಬಲಿಪೀಠವನ್ನು ಉತ್ಸವಕ್ಕಾಗಿ ಅಲಂಕರಿಸುವವರಿಗೆ ನಗರವು ಹಣವನ್ನು ಕೊಡುವ ವಾಡಿಕೆಯಿದ್ದಿತು. ಆ ಕೆಲಸವನ್ನು ಡೆಮಾಸ್ಥನೀಸನಿಗೆ ಒಪ್ಪಿಸಿ, ಅದರ ಖರ್ಚಿಗೆಂದು ಜನರು 50 ಟ್ಯಾಲೆಂಟುಗಳನ್ನು ಮಂಜೂರು ಮಾಡಿದರು.