ಹುಳುಕಡ್ಡಿಗೆ ಹುಳ ಕಾರಣವೇ? ಸ್ಟಿರಾಯ್ಡ್ ಕ್ರೀಂ ಹಚ್ಚಬಹುದೇ?

"ಚರ್ಮದ ಮೇಲೆ ಕೆಂಪು ಉಂಗುರ ಎದ್ದಿದೆಯಾ? ಒಳಗೆ ಹುಳ ಇದೆ. ಮೆಡಿಕಲ್ ಶಾಪ್‌ನಲ್ಲಿ ಈ ಕ್ರೀಂ ತಗೊಳ್ಳಿ, ಎರಡೇ ದಿನದಲ್ಲಿ ಮಾಯ." ಇಂಥ ಸಲಹೆ ನಿಮಗೂ ಬಂದಿರಬಹುದು. ಹುಳದ ಮಾತು ತಪ್ಪು. ಕ್ರೀಂನ ಮಾತು ಅಪಾಯಕಾರಿ.

ನಿಜವಾದ ಕಾರಣ ಏನು?

ಹುಳುಕಡ್ಡಿ ಅಥವಾ ಗಜಕರ್ಣ ಬರುವುದು ಫಂಗಸ್‌ನಿಂದ, ಅಂದರೆ ಶಿಲೀಂಧ್ರದಿಂದ. ಇದು ಒನಿಜೆನೇಲ್ಸ್ ಎಂಬ ಗಣಕ್ಕೆ ಸೇರಿದೆ. ಉಗುರು, ಗೊರಸು ಎಂಬ ಅರ್ಥದ ಗ್ರೀಕ್ ಪದದಿಂದ ಆ ಹೆಸರು ಬಂದಿದೆ. ಈ ಗಣದ ಹಲವು ಶಿಲೀಂಧ್ರಗಳಿಗೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ಕರಗಿಸಿ ತಿನ್ನುವ ಶಕ್ತಿ ಇದೆ. ಕೂದಲು, ಉಗುರು, ಚರ್ಮದ ಮೇಲ್ಪದರ, ಹಕ್ಕಿಯ ಗರಿ, ದನದ ಕೊಂಬು ಎಲ್ಲದರಲ್ಲೂ ಕೆರಾಟಿನ್ ಇರುತ್ತದೆ. ಮಣ್ಣಿನಲ್ಲಿ ಬಿದ್ದ ಕೂದಲು, ಗರಿಗಳನ್ನು ಕೊಳೆಸುವ ಕೆಲಸವನ್ನು ಇವುಗಳಲ್ಲಿ ಹಲವು ಮಾಡುತ್ತವೆ. ಟ್ರೈಕೊಫೈಟಾನ್‌ನಂಥ ಕೆಲವು ಮನುಷ್ಯರ ಚರ್ಮದಲ್ಲೇ ಬೆಳೆಯುತ್ತವೆ. ಒಂದು ಕಡೆ ಶುರುವಾಗಿ ಸುತ್ತಲೂ ಹರಡುವುದರಿಂದ ಉಂಗುರದ ಆಕಾರ ಕಾಣುತ್ತದೆ.

ಕ್ರೀಂ ಹಚ್ಚಿದರೆ ತುರಿಕೆ ನಿಲ್ಲುತ್ತದಲ್ಲ?

ನಿಲ್ಲುತ್ತದೆ, ಆದರೆ ಸ್ವಲ್ಪ ದಿನ ಮಾತ್ರ. ಸ್ಟಿರಾಯ್ಡ್ ಫಂಗಸ್ ಅನ್ನು ಕೊಲ್ಲುವುದಿಲ್ಲ. ಅದರ ವಿರುದ್ಧ ಹೋರಾಡುವ ಚರ್ಮದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ. ಕೆಂಪು, ತುರಿಕೆ ಕಡಿಮೆಯಾದರೂ ಫಂಗಸ್ ಹರಡುತ್ತಲೇ ಇರುತ್ತದೆ. ಉಂಗುರದ ಆಕಾರ ಅಳಿಸಿ ವೈದ್ಯರಿಗೂ ಗುರುತಿಸುವುದು ಕಷ್ಟವಾಗಬಹುದು. ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಟ್ಯೂಬ್ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್.

ಈಗ ಏಕೆ ಹೆಚ್ಚು ಎಚ್ಚರ?

ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹಠಮಾರಿ ಫಂಗಸ್ ಭಾರತದಲ್ಲಿ ವ್ಯಾಪಕವಾಗಿದೆ. 2020ರಲ್ಲಿ ಇದಕ್ಕೆ ಈ ಹೆಸರು ಬಂತು. ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಮಾತ್ರೆಗೂ ಇದು ಅನೇಕರಲ್ಲಿ ಬಗ್ಗುವುದಿಲ್ಲ. 2023ರಲ್ಲಿ ಅಮೆರಿಕದಲ್ಲೂ ಇದರ ಪ್ರಕರಣಗಳು ವರದಿಯಾದವು. ಸ್ಟಿರಾಯ್ಡ್ ಬೆರೆತ ಕ್ರೀಂಗಳ ದುರ್ಬಳಕೆ ಇದರ ಹರಡುವಿಕೆಗೆ ಒಂದು ಕಾರಣವಿರಬಹುದು ಎಂದು ತಜ್ಞರು ಶಂಕಿಸುತ್ತಾರೆ.

ಏನು ಮಾಡಬೇಕು?

• ಚರ್ಮರೋಗ ತಜ್ಞರಿಗೆ ತೋರಿಸಿ. ಈಗಾಗಲೇ ಯಾವ ಕ್ರೀಂ ಹಚ್ಚಿದ್ದೀರಿ ಎಂಬುದನ್ನೂ ಹೇಳಿ.
• ತುರಿಕೆ ನಿಂತಿತೆಂದು ಔಷಧ ನಿಲ್ಲಿಸಬೇಡಿ. ವೈದ್ಯರು ಹೇಳಿದಷ್ಟು ದಿನ ಮುಂದುವರಿಸಿ.
• ಟವೆಲ್, ಬಾಚಣಿಗೆ, ಒಳಉಡುಪು ಹಂಚಿಕೊಳ್ಳಬೇಡಿ. ಸ್ನಾನವಾದ ಮೇಲೆ ಮೈ ಚೆನ್ನಾಗಿ ಒರೆಸಿಕೊಳ್ಳಿ.
• ಮನೆಯಲ್ಲಿ ಇನ್ಯಾರಿಗಾದರೂ ಇದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆ ಕೊಡಿಸಿ. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಬರುತ್ತದೆ.

ಹಾಗಾಗಿ ಕ್ರೀಂನ ಫೋಟೊ ಇರುವ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಟ್ಯೂಬ್ ಮೇಲಿನ ಹೆಸರು ಓದಿ.